ಸಾಂದ್ರತೆ ಜಾಸ್ತಿ ಇದ್ದರೆ ಪೆಟ್ರೋಲ್ ಶುದ್ಧ ಅಂತ ಯಾರು ಹೇಳಿದ್ದು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಸಲಹೆ ಅಂತ ಒಂದು ಚಿಕ್ಕ ಬರಹ ಬಂದಿತ್ತು. ಬಂಕಿನಲ್ಲಿ ಮೀಟರ್ ಸೊನ್ನೆಯಿಂದ ಶುರುವಾಯಿತಾ ಅಂತ ನೋಡಿದರೆ ಸಾಲದು, ಅಲ್ಲೇ ಸಾಂದ್ರತೆ, ಅಂದರೆ ಇಂತಿಷ್ಟು ಅಳತೆಯ ಪೆಟ್ರೋಲ್ ಎಷ್ಟು ತೂಗುತ್ತದೆ ಅನ್ನೋ ಒಂದು ಅಂಕಿ ಇರುತ್ತದೆ, ಅದನ್ನೂ ನೋಡಿ, ಅದು ಜಾಸ್ತಿ ಇದ್ದಷ್ಟೂ ಪೆಟ್ರೋಲ್ ಶುದ್ಧ ಅಂತ ಬರೆದಿದ್ದರು. ನೋಡಿ ಅಂದಿದ್ದು ಸರಿ. ಜಾಸ್ತಿ ಇದ್ದಷ್ಟೂ ಶುದ್ಧ ಅಂದಿದ್ದು ತಪ್ಪು. ಸಂಜೆಯೊಳಗೆ ನಮ್ಮೂರಿನ ಮೂರು ವಾಟ್ಸಾಪ್ ಗ್ರೂಪುಗಳಲ್ಲಿ ಅದರ ಫೋಟೊ ಓಡಾಡುತ್ತಿತ್ತು. ಪೇಪರಿನಲ್ಲೇ ಬಂದಿದೆ ಅಂದ ಮೇಲೆ ಮುಗೀತು, ಅಲ್ವಾ.

ನಾನು ಮೇಷ್ಟ್ರಲ್ಲ. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಫೇಲಾದವನು. ಆದರೆ ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಯಲ್ಲಿ 22 ವರ್ಷ, ದಿನಕ್ಕೆ ಎರಡು ಹೊತ್ತು, ಹಾಲಿನ ಸಾಂದ್ರತೆ ಅಳೆಯುವ ಲ್ಯಾಕ್ಟೋಮೀಟರ್ ಹಿಡಿದು ನಿಂತವನು. ಸಾಂದ್ರತೆಯ ಅಂಕಿಯನ್ನು ನಂಬಿ ಕೆಟ್ಟವನು ಅಂತಲೂ ಹೇಳಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಪೆಟ್ರೋಲ್ ವಿಷಯ ಮುಗಿಸುತ್ತೇನೆ. ನಮ್ಮ ದೇಶದ ಮಾನದಂಡದ ಪ್ರಕಾರ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೆಟ್ರೋಲಿನ ಸಾಂದ್ರತೆ ಘನ ಮೀಟರಿಗೆ 720ರಿಂದ 775 ಕೆಜಿ ಒಳಗೆ ಇರಬೇಕು. ಈಗ ಯಾರಾದರೂ ಅದಕ್ಕೆ ಸೀಮೆಎಣ್ಣೆ ಬೆರೆಸಿದರು ಅಂತ ಇಟ್ಟುಕೊಳ್ಳಿ. ಸೀಮೆಎಣ್ಣೆಯ ಸಾಂದ್ರತೆ 800ರ ಆಸುಪಾಸು. ಬೆರೆಸಿದರೆ ಅಂಕಿ ಏರುತ್ತದೆಯೋ ಇಳಿಯುತ್ತದೆಯೋ ನೀವೇ ಹೇಳಿ. ನಿಮ್ಮ ಸಲಹೆ ನಂಬಿದವರು ಕಲಬೆರಕೆ ಬಂಕನ್ನೇ ಹುಡುಕಿಕೊಂಡು ಹೋಗಿ ಟ್ಯಾಂಕ್ ಫುಲ್ ಮಾಡಿಸಿಕೊಂಡು ಬರುತ್ತಾರೆ. ಈಗ ಪೆಟ್ರೋಲಿಗೆ ಸೇರಿಸುತ್ತಿರುವ ಎಥನಾಲ್ ಕೂಡ ಹಾಗೇ, ಅದರ ಸಾಂದ್ರತೆ 789. ಪೆಟ್ರೋಲಿಗಿಂತ ಜಾಸ್ತಿ. ಆದರೆ ಒಂದು ಲೀಟರ್ ಎಥನಾಲ್ ಉರಿದರೆ ಬರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಅಷ್ಟೇ. ಸಾಂದ್ರತೆ ಜಾಸ್ತಿ ಆದರೆ ಮೈಲೇಜ್ ಜಾಸ್ತಿ ಅನ್ನೋ ಲೆಕ್ಕವೂ ಇಲ್ಲಿಗೆ ಬಿತ್ತು.

ಹಾಗಾದರೆ ಆ ಅಂಕಿ ಯಾಕೆ? ಟ್ಯಾಂಕರ್ ಬಂದಾಗ ಅದರ ಜೊತೆ ಬರುವ ಚೀಟಿಯಲ್ಲಿ ಆ ಲೋಡಿನ ಸಾಂದ್ರತೆ ಬರೆದಿರುತ್ತದೆ. ಬಂಕಿನವರು ಅಳೆದಾಗ ಬರುವ ಅಂಕಿ ಅದಕ್ಕೆ ಹೊಂದಬೇಕು. ಹೆಚ್ಚೂಕಮ್ಮಿ 3 ಕೆಜಿಯ ಒಳಗೆ ಇದ್ದರೆ ಸರಿ. ಅದಕ್ಕಿಂತ ಏರಿದರೂ ಅನುಮಾನ, ಇಳಿದರೂ ಅನುಮಾನ. ಅಂದರೆ ಅಂಕಿ ದೊಡ್ಡದಾ ಚಿಕ್ಕದಾ ಅಂತ ನೋಡಿ ಪ್ರಯೋಜನ ಇಲ್ಲ, ಎಷ್ಟಿರಬೇಕಿತ್ತೋ ಅಷ್ಟಿದೆಯಾ ಅಂತ ನೋಡಬೇಕು. ಜೊತೆಗೆ ಎಷ್ಟು ಡಿಗ್ರಿಯಲ್ಲಿ ಅಳೆದರು ಅನ್ನೋದೂ ಗೊತ್ತಿರಬೇಕು. 15 ಡಿಗ್ರಿಯಲ್ಲಿ 750 ಇದ್ದ ಪೆಟ್ರೋಲ್ 30 ಡಿಗ್ರಿಯಲ್ಲಿ ಹದಿಮೂರು ಹದಿನಾಲ್ಕು ಅಂಕ ಕಡಿಮೆ ತೋರಿಸುತ್ತದೆ. ಪೆಟ್ರೋಲ್ ಕೆಟ್ಟಿಲ್ಲ, ಬಿಸಿಲು ಬಂದಿದೆ.

ಈ ಡಿಗ್ರಿ ವಿಷಯ ನಾನು ಕಲಿತಿದ್ದು ಒಬ್ಬ ಅಜ್ಜಿಯ ಹತ್ತಿರ ಬೈಸಿಕೊಂಡು.

ಡೇರಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ನಮ್ಮ ಲ್ಯಾಕ್ಟೋಮೀಟರ್ 27 ಡಿಗ್ರಿಗೆ ಗುರುತು ಹಾಕಿದ್ದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಅದು ಗಾಜಿನ ಕಡ್ಡಿ, ಕೆಳಗೆ ಭಾರದ ಬುರುಡೆ. ಹಾಲಿನಲ್ಲಿ ಬಿಟ್ಟರೆ ತೇಲುತ್ತದೆ. ಹಾಲು ನೀರಾಗಿದ್ದರೆ ಜಾಸ್ತಿ ಮುಳುಗುತ್ತದೆ, ಕಡ್ಡಿಯ ಮೇಲಿನ ಅಂಕಿ ಕಡಿಮೆ ತೋರಿಸುತ್ತದೆ. 28 ಅಂತ ಬಂದರೆ ಆ ಹಾಲಿನ ಸಾಂದ್ರತೆ 1.028, ಅಂದರೆ ಒಂದು ಲೀಟರಿಗೆ 1028 ಗ್ರಾಂ. ನೀರು 1000 ಗ್ರಾಂ ಆದರೆ ಹಾಲು ಅದಕ್ಕಿಂತ ಇಷ್ಟು ಜಾಸ್ತಿ. ಈ 28 ಗ್ರಾಂ ಮೇಲೇ ನಮ್ಮ ಜಗಳ ಎಲ್ಲಾ ನಡೆಯೋದು.

ಆ ಅಜ್ಜಿಯ ಮನೆ ಡೇರಿಯ ಹಿಂದೆಯೇ. ಹಸು ಕರೆದು ನೇರ ಸೆರಗಿನಲ್ಲಿ ಪಾತ್ರೆ ಮುಚ್ಚಿಕೊಂಡು ಬರುತ್ತಿದ್ದರು. ಹಾಲಿನ ಮೇಲೆ ಇನ್ನೂ ನೊರೆ. ಮೀಟರ್ ಬಿಟ್ಟೆ, 24 ತೋರಿಸಿತು. ಸಾಲಿನಲ್ಲಿ ನಿಂತಿದ್ದ ಎಲ್ಲರ ಮುಂದೆ "ಅಜ್ಜಿ, ನೀರು ಜಾಸ್ತಿ ಆಗಿದೆ" ಅಂದೆ. ಅಜ್ಜಿ ಅಂದ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಪಾತ್ರೆ ಅಲ್ಲೇ ಕುಕ್ಕಿ, "ಇಲ್ಲೇ ಇರಲಿ, ಎಲ್ಲರದ್ದೂ ಆದ ಮೇಲೆ ಇನ್ನೊಂದು ಸಲ ನೋಡು" ಅಂತ ಕೂತುಬಿಟ್ಟರು. ಒಂದು ಗಂಟೆ ಕಳೆದ ಮೇಲೆ ನೋಡಿದರೆ 27. ಹಾಲು ಅದೇ, ಪಾತ್ರೆ ಅದೇ, ಅಜ್ಜಿ ಅಲ್ಲಿಂದ ಅಲ್ಲಾಡಿರಲಿಲ್ಲ.

ಆಗಿದ್ದು ಇಷ್ಟೇ. ಕೆಚ್ಚಲಿಂದ ಬಂದ ಹಾಲು ಬಿಸಿ ಇರುತ್ತದೆ, ಹಿಗ್ಗಿರುತ್ತದೆ. ನೊರೆಯಲ್ಲಿ ಗಾಳಿ ಸೇರಿರುತ್ತದೆ. ಆರುತ್ತಾ ಬಂದ ಹಾಗೆ ಗಾಳಿ ಹೋಗುತ್ತದೆ, ಹಾಲಿನ ಜಿಡ್ಡು ಗಟ್ಟಿಯಾಗುತ್ತದೆ, ಅಷ್ಟೇ ಹಾಲು ಸ್ವಲ್ಪ ಕಡಿಮೆ ಜಾಗಕ್ಕೆ ಕೂರುತ್ತದೆ. ಹಾಲಿನ ತೂಕ ಒಂದು ಗ್ರಾಂ ಬದಲಾಗಿಲ್ಲ, ಅದು ಕೂತ ಜಾಗ ಬದಲಾಯಿತು. ಅವತ್ತಿನಿಂದ ಬಿಸಿ ಹಾಲಿಗೆ ಥರ್ಮಾಮೀಟರ್ ಇಡದೆ ನಾನು ಬಾಯಿ ಬಿಟ್ಟಿದ್ದಿಲ್ಲ.

ಇನ್ನೊಂದು ಕಡೆ, ನಿಜವಾಗಿ ಮೋಸ ಮಾಡುವವರಿಗೆ ಲ್ಯಾಕ್ಟೋಮೀಟರ್ ಅಂದರೆ ಭಯವೇ ಇರಲಿಲ್ಲ. ಕೆನೆ ನೀರಿಗಿಂತ ಹಗುರ. ಅದನ್ನು ತೆಗೆದುಬಿಟ್ಟರೆ ಉಳಿದ ಹಾಲಿನ ಸಾಂದ್ರತೆ ಏರುತ್ತದೆ. ಏರಿದ್ದನ್ನು ಇಳಿಸಲು ಎರಡು ಚೊಂಬು ನೀರು. ಮೀಟರ್ ಬಿಟ್ಟರೆ ನೇರ 28ಕ್ಕೆ ನಿಲ್ಲುತ್ತದೆ! ಎರಡು ತಪ್ಪು ಸೇರಿ ಒಂದು ಸರಿ ಅಂಕಿ. ಸಾಂದ್ರತೆ ಜಾಸ್ತಿ ಇದ್ದಷ್ಟೂ ಶುದ್ಧ ಅನ್ನೋದಾದರೆ ಕೆನೆ ಪೂರ್ತಿ ಹೊಡೆದ ಹಾಲೇ ಎಲ್ಲಕ್ಕಿಂತ ಶುದ್ಧ ಆಗಬೇಕಿತ್ತು.

ಅದಕ್ಕೇ ಫ್ಯಾಟ್ ಟೆಸ್ಟ್ ಬಂದಿದ್ದು. ಈಗ ಮೆಷಿನ್‌ಗೆ ಹಾಲು ತೋರಿಸಿದರೆ ಅರೆ ನಿಮಿಷದಲ್ಲಿ ಚೀಟಿ ಬರುತ್ತದೆ, ನಮ್ಮ ಕಾಲದಲ್ಲಿ ಗರ್ಬರ್ ವಿಧಾನ. ಗಾಜಿನ ನಳಿಗೆಗೆ 10 ಎಂಎಲ್ ಗಂಧಕಾಮ್ಲ, ಅದರ ಮೇಲೆ ಗೋಡೆಗುಂಟ ಮೆಲ್ಲಗೆ 10.75 ಎಂಎಲ್ ಹಾಲು, ಆಮೇಲೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಆಮ್ಲ ಹಾಲಿಗಿಂತ ಮುಕ್ಕಾಲು ಪಾಲು ಜಾಸ್ತಿ ಭಾರ, ಸಾಂದ್ರತೆ 1.8ರಷ್ಟು, ಹಾಗಾಗಿ ಅಲುಗಿಸುವ ತನಕ ತಳದಲ್ಲೇ ಕೂರುತ್ತದೆ. ಮುಚ್ಚಳ ಹಾಕಿ ಅಲುಗಿಸಿದರೆ ಕೈ ಸುಡುವಷ್ಟು ಬಿಸಿ, ಎಲ್ಲಾ ಕಪ್ಪು. ಆಮೇಲೆ ಗರಗರ ತಿರುಗಿಸುವುದು. ಭಾರದ್ದೆಲ್ಲಾ ಹೊರಗಿನ ಅಂಚಿಗೆ ಓಡುತ್ತದೆ, ಜಿಡ್ಡು ಮಾತ್ರ ಒಳಗೆ ಉಳಿದು ಸಣ್ಣ ಕೊಳವೆಯಲ್ಲಿ ಹೊಂಬಣ್ಣದ ಗೆರೆಯಾಗಿ ನಿಲ್ಲುತ್ತದೆ. ಆ ಗೆರೆ ನೋಡಿ ಫ್ಯಾಟ್ ಬರೆಯುವುದು. ನೋಡಿ, ಲ್ಯಾಕ್ಟೋಮೀಟರಿನ ಕಣ್ಣಿಗೆ ಮಣ್ಣೆರಚಿದ ಕಳ್ಳನನ್ನು ಹಿಡಿದಿದ್ದೂ ಸಾಂದ್ರತೆಯೇ. ಆದರೆ ಬೇರೆ ಪ್ರಶ್ನೆ ಕೇಳಿ ಹಿಡಿದಿದ್ದು.

ಅಡುಗೆಎಣ್ಣೆ ವಿಷಯವನ್ನೂ ಹೇಳಿಬಿಡುತ್ತೇನೆ, ಇದು ನಿಮ್ಮ ಓದುಗರ ಜೇಬಿಗೆ ಹತ್ತಿರದ್ದು. ಕೆಲವು ವರ್ಷ ಎಣ್ಣೆ ಪ್ಯಾಕೆಟ್ ಮೇಲೆ ಲೀಟರ್ ಲೆಕ್ಕದ ಪಕ್ಕ ಚಿಕ್ಕ ಅಕ್ಷರದಲ್ಲಿ ಒಂದು ಡಿಗ್ರಿಯನ್ನೂ ಬರೆಯುತ್ತಿದ್ದರು, ಕೆಲವರು 60 ಡಿಗ್ರಿ ತನಕ ಹೋಗಿದ್ದರು. ಯಾರ ಅಂಗಡಿಯಲ್ಲಿ 60 ಡಿಗ್ರಿ ಇರುತ್ತದೆ? ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919.1 ಗ್ರಾಂ ತೂಗುತ್ತದೆ, 60 ಡಿಗ್ರಿಯಲ್ಲಿ 892.6 ಗ್ರಾಂ. ಬಿಸಿ ಎಣ್ಣೆಯ ಲೆಕ್ಕದಲ್ಲಿ ಲೀಟರ್ ತುಂಬಿಸಿದರೆ ಕಂಪನಿಯವರಿಗೆ ಒಂದೊಂದು ಪ್ಯಾಕೆಟ್‌ನಲ್ಲೂ 26 ಗ್ರಾಂ ಎಣ್ಣೆ ಉಳಿಯಿತು. ಸುಳ್ಳು ಹೇಳಿದ ಹಾಗೂ ಆಗಲಿಲ್ಲ. 2022ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇದನ್ನು ಹಿಡಿಯಿತು. ಡಿಗ್ರಿ ಬರೆಯಬೇಡಿ, ಲೀಟರ್ ಜೊತೆ ತೂಕವನ್ನೂ ಬರೆಯಿರಿ ಅಂತ 2023ರ ಜನವರಿ 15ರ ತನಕ ಗಡುವು ಕೊಟ್ಟಿತು. ಹಾಗಾಗಿ ಅಂಗಡಿಯಲ್ಲಿ ಎರಡು ಬ್ರಾಂಡ್ ಹೋಲಿಸುವಾಗ ಗ್ರಾಂ ನೋಡಿ. ಲೀಟರ್ ಹಿಗ್ಗುತ್ತದೆ, ಗ್ರಾಂ ಹಿಗ್ಗಲ್ಲ.

ಯಾಕೆ ಹಿಗ್ಗಲ್ಲ ಅಂತ ಒಂಬತ್ತನೇ ಕ್ಲಾಸ್ ಓದುವ ನನ್ನ ಮೊಮ್ಮಗಳು ಕೇಳಿದಳು. ಅವಳಿಗೆ ಪುಸ್ತಕದಲ್ಲಿ ದ್ರವ್ಯರಾಶಿ, ಗಾತ್ರ, ಸಾಂದ್ರತೆ, ಪರಮಾಣು ಎಲ್ಲಾ ಬೇರೆ ಬೇರೆ ಪಾಠ. ಒಂದಕ್ಕೊಂದು ಸಂಬಂಧ ಅಂತ ಯಾರೂ ಹೇಳಿಲ್ಲ. ನಾನು ಪುರಿ ಅಳೆಯುವ ಸೇರು ತಂದೆ. ಒಂದು ಸೇರು ಅಕ್ಕಿ, ಒಂದು ಸೇರು ಪುರಿ. ಎರಡೂ ಬತ್ತದಿಂದಲೇ ಬಂದಿದ್ದು, ಸೇರೂ ಅದೇ, ತಕ್ಕಡಿಗೆ ಹಾಕಿದರೆ ಎಲ್ಲಿಂದೆಲ್ಲಿಗೆ. ಒಂದು ವಸ್ತುವಿನಲ್ಲಿ ಎಷ್ಟು ಪರಮಾಣು ಇವೆ, ಒಂದೊಂದೂ ಎಷ್ಟು ಭಾರ, ಅದು ದ್ರವ್ಯರಾಶಿ. ಅವು ಎಷ್ಟು ಒತ್ತೊತ್ತಾಗಿ ಕೂತಿವೆ ಅನ್ನೋದು ಸೇರಿದಾಗ ಸಾಂದ್ರತೆ. ಎಣ್ಣೆ ಕಾಯಿಸಿದರೆ ಹೊಸ ಪರಮಾಣು ಬರಲ್ಲ, ಇದ್ದವೇ ಜಾಸ್ತಿ ಕುಣಿದಾಡಿ ದೂರ ದೂರ ನಿಲ್ಲುತ್ತವೆ.

ಅವಳು ಬಿಡಲಿಲ್ಲ. "ತಾತ, ಹಾಗಾದರೆ ಪರಮಾಣು ಭಾರ ಇದ್ದರೆ ಸಾಂದ್ರತೆಯೂ ಜಾಸ್ತಿನಾ?" ಒಳ್ಳೆ ಪ್ರಶ್ನೆ. ನಿಮ್ಮ ಸಲಹೆ ಬರೆದವರೂ ಹೀಗೇ ಯೋಚಿಸಿರಬಹುದು. ಸೀಸದ ಪರಮಾಣು ಚಿನ್ನದ ಪರಮಾಣುವಿಗಿಂತ ಭಾರ, ಪರಮಾಣು ತೂಕದ ಪಟ್ಟಿಯಲ್ಲಿ ಸೀಸದ್ದು 207, ಚಿನ್ನದ್ದು 197. ಆದರೆ ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ, ಅಷ್ಟೇ ಚಿನ್ನ 19.3 ಗ್ರಾಂ! ಎರಡರ ಪರಮಾಣುಗಳೂ ಕೂರುವ ಸಾಲು ಒಂದೇ ಥರ, ಅಂಗಡಿಯಲ್ಲಿ ಕಿತ್ತಳೆ ಪೇರಿಸಿದ ಹಾಗೆ. ವ್ಯತ್ಯಾಸ ಏನೆಂದರೆ ಸೀಸದ ಪರಮಾಣು ಗಾತ್ರದಲ್ಲಿ ದೊಡ್ಡದು, ಜಾಗ ತಿನ್ನುತ್ತದೆ. ಅಷ್ಟೇ ಜಾಗದಲ್ಲಿ ಚಿನ್ನದವು ಸುಮಾರು 18 ಕೂತರೆ ಸೀಸದವು 10 ಕೂರುತ್ತವೆ. ಒಂದೊಂದೂ ಸ್ವಲ್ಪ ಭಾರ ಇದ್ದು ಏನು ಬಂತು? ಇನ್ನು ಟಂಗ್‌ಸ್ಟನ್ ಅಂತ ಒಂದಿದೆ, ಅದರ ಪರಮಾಣು 184, ಚಿನ್ನಕ್ಕಿಂತ ಹಗುರ, ಆದರೆ ಸಾಂದ್ರತೆ 19.25. ಚಿನ್ನದ ಪಕ್ಕದಲ್ಲೇ ನಿಲ್ಲುತ್ತದೆ. ಅದಕ್ಕೇ ಚಿನ್ನದ ಗಟ್ಟಿಯೊಳಗೆ ಟಂಗ್‌ಸ್ಟನ್ ತುಂಬಿ ಮೋಸ ಮಾಡುವವರು ಇದ್ದಾರೆ, ನೀರಿನಲ್ಲಿ ಮುಳುಗಿಸಿ ತೂಗಿದರೂ ಸಿಕ್ಕಿಬೀಳುವುದು ಕಷ್ಟ. ಕೆನೆ ತೆಗೆದು ನೀರು ಹಾಕಿದ ಹಾಲಿನ ಅಣ್ಣ ಅನ್ನಿ.

ಒಂದು ಮಾತು ಭಾಷೆಯ ಬಗ್ಗೆ. ನಮ್ಮ ಗೊಂದಲಕ್ಕೆ ಅರ್ಧ ಕಾರಣ "ಗಟ್ಟಿ ಹಾಲು", "ಮಂದ ಎಣ್ಣೆ" ಅನ್ನೋ ಮಾತುಗಳು ಅಂತ ನನಗೆ ಅನ್ನಿಸುತ್ತದೆ. ಮಂದ ಬೇರೆ, ಸಾಂದ್ರತೆ ಬೇರೆ. ಹರಳೆಣ್ಣೆಗಿಂತ ಮಂದ ಬೇಕಾ? ಬಾಟ್ಲಿ ಬಗ್ಗಿಸಿ ಕಾಯುತ್ತಾ ನಿಲ್ಲಬೇಕು. ಆದರೂ ನೀರಿಗೆ ಹಾಕಿದರೆ ತೇಲುತ್ತದೆ, ಅದರ ಸಾಂದ್ರತೆ 0.96. ಜೇನುತುಪ್ಪವೂ ಮಂದ, ಅದು ಮುಳುಗುತ್ತದೆ, 1.4ರಷ್ಟು. ಬೆರಳಿಗೆ ಅಂಟುವುದನ್ನು ನೋಡಿ ಭಾರ ಹೇಳಲು ಆಗಲ್ಲ.

ನಮ್ಮಪ್ಪನಿಗೆ ಈ ಪದ ಯಾವುದೂ ಗೊತ್ತಿರಲಿಲ್ಲ. ಬಿತ್ತನೆ ಬತ್ತ ಆರಿಸಲು ಬಕೆಟ್ ನೀರಿಗೆ ಉಪ್ಪು ಹಾಕುತ್ತಾ ಹೋಗೋರು, ಒಳಗೆ ಒಂದು ಹಸಿ ಕೋಳಿಮೊಟ್ಟೆ. ಮೊಟ್ಟೆ ತಳ ಬಿಟ್ಟು ಮೇಲೆ ಬಂದು ನೆತ್ತಿ ತೋರಿಸಿದರೆ ಉಪ್ಪು ಸಾಕು. ಆಮೇಲೆ ಬತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ಮುಳುಗುತ್ತದೆ. ಮುಳುಗಿದ್ದನ್ನು ಒಳ್ಳೆ ನೀರಲ್ಲಿ ತೊಳೆದು ಬಿತ್ತನೆಗೆ. ಇಲ್ಲಿ ಜಾಸ್ತಿ ಸಾಂದ್ರತೆ ಒಳ್ಳೆಯದು, ಒಪ್ಪುತ್ತೇನೆ. ಆದರೆ ಅದು ಬತ್ತದ ಲೆಕ್ಕ. ಅದನ್ನು ತಂದು ಪೆಟ್ರೋಲಿಗೆ ಹಾಕಬಾರದು.

ಈಗ ನನ್ನ ಬೇಡಿಕೆ. ದಯವಿಟ್ಟು ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಸಲಹೆ ಬಂದ ಜಾಗದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ. ಅನುಮಾನ ಬಂದರೆ ಬಂಕಿನಲ್ಲಿ ಹೈಡ್ರೋಮೀಟರ್ (ನಮ್ಮ ಲ್ಯಾಕ್ಟೋಮೀಟರ್ ಥರದ್ದೇ ಸಾಂದ್ರತೆ ಅಳೆಯುವ ಕಡ್ಡಿ), ಥರ್ಮಾಮೀಟರ್ ಮತ್ತು ಗಾಜಿನ ಜಾಡಿ ಕೇಳಬಹುದು, ಅದು ಗ್ರಾಹಕರ ಹಕ್ಕು ಅಂತ ಬರೆಯಿರಿ. ಬಂದ ಅಂಕಿಯನ್ನು 15 ಡಿಗ್ರಿಗೆ ಬದಲಾಯಿಸುವ ಪಟ್ಟಿ ಬಂಕಿನವರ ಹತ್ತಿರವೇ ಇರುತ್ತದೆ, ಅದನ್ನು ನೋಡಿ ಟ್ಯಾಂಕರ್ ಚೀಟಿಯ ಅಂಕಿಗೆ ಹೋಲಿಸಿ ಅಂತ ಬರೆಯಿರಿ. ಕಾಗದದ ಮೇಲೆ ಹನಿ ಬಿಟ್ಟು ಕಲೆ ಉಳಿಯುತ್ತದಾ ಅಂತ ನೋಡುವ ಫಿಲ್ಟರ್ ಪೇಪರ್ ಪರೀಕ್ಷೆ ಮತ್ತು ಅಳತೆ ಸರಿ ಇದೆಯಾ ಅಂತ ನೋಡಲು 5 ಲೀಟರ್ ಅಳತೆಯ ಪಾತ್ರೆಯನ್ನೂ ಕೇಳಬಹುದು. ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಲಾಭ ಅಂತ ಮಾತ್ರ ಮುಂದಿನ ವಾರ ಬರೆಯಬೇಡಿ, ಟ್ಯಾಂಕ್ ನೆಲದೊಳಗೆ ಇರುತ್ತದೆ, ಅಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ದೊಡ್ಡ ವ್ಯತ್ಯಾಸ ಇರಲ್ಲ.

ಇಂತಿ ನಿಮ್ಮ ಹಳೆಯ ಓದುಗ,
ಹಾಲಿನ ಡೇರಿಯ ನಿವೃತ್ತ ಕಾರ್ಯದರ್ಶಿ,
ಚನ್ನರಾಯಪಟ್ಟಣ ತಾಲ್ಲೂಕು