ಮೊದಲು ಚಪ್ಪಾಳೆ, ಆಮೇಲೆ ಪ್ರಾಸ

ಧಾರವಾಡ

ತಂಗೀ,

ನಿನ್ನ ಐದು ಸಾಲಿನ ತಮಾಷೆ ಪದ್ಯಗಳನ್ನು, ಅದೇ ಲಿಮರಿಕ್‌ಗಳನ್ನು ಓದಿದೆ. ಹುಬ್ಬಳ್ಳಿಯ ಬೇಸಿಗೆ ಶಿಬಿರದ ಮಕ್ಕಳು ನಗುತ್ತಾರೆ, ಅನುಮಾನ ಬೇಡ. ಆದರೆ ‘ಬಂದಿತು’ಗೆ ‘ಹೋಯಿತು’, ‘ಕುಣಿಯಿತು’ಗೆ ‘ಮಲಗಿತು’ ಅಂತ ಜೋಡಿಸಿದ್ದೀಯಲ್ಲ, ಅದು ಪ್ರಾಸ ಅಲ್ಲ, ಬರೀ ಕ್ರಿಯಾಪದದ ಬಾಲ. ನಮ್ಮ ವಾಕ್ಯ ಹೆಚ್ಚಾಗಿ ಕ್ರಿಯಾಪದದಲ್ಲೇ ಮುಗಿಯುತ್ತದೆ, ‘ತು’ಗೆ ‘ತು’ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಮಕ್ಕಳ ಕಿವಿ ನಿಮಿರುವುದಿಲ್ಲ. ‘ಕಚ್ಚಿತು, ಮುಚ್ಚಿತು’ ಅಂದು ನೋಡು. ಬಾಲದ ಹಿಂದಿನ ಅಕ್ಷರವೂ ಕೂಡಿಬರಬೇಕು.

ಹಾಗಂತ ಪ್ರಾಸದಿಂದ ಪಾಠ ಶುರು ಮಾಡಬೇಡ. ಮೊದಲು ಚಪ್ಪಾಳೆ. ಐದು ಸಾಲಿಗೆ ಪೆಟ್ಟು ಮೂರು, ಮೂರು, ಎರಡು, ಎರಡು, ಮೂರು. ಇಂಗ್ಲಿಷಿನಲ್ಲಿ ಒತ್ತಿ ಹೇಳುವ ಕಡೆ ಪೆಟ್ಟು ಬೀಳುತ್ತದೆ. ನಮ್ಮಲ್ಲಿ ಅದು ನಡೆಯದು, ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲ, ಎಣಿಸಬೇಕು. ಆದರೆ ಒಂದು ಮಾತ್ರೆಯದು ಲಘು, ಎರಡರದು ಗುರು ಅಂತ ಸುಮ್ನೆ ಬೋರ್ಡ್ ತುಂಬಿಸಬೇಡ. ‘ತಕಧಿಮಿ ತಕಧಿಮಿ ತಾನ’ ಅನ್ನಿಸು, ಪ್ರತಿಯೊಂದರ ಶುರುವಿಗೆ ಒಂದು ಚಪ್ಪಾಳೆ. ಗಿಡ್ಡ ಸಾಲಿಗೆ ಕೊನೆಯ ‘ತಾನ’ ಬಿಡು. ಅದು ಬಾಯಿಗೆ ಕೂತ ಮೇಲೆ ಮಾತು ತುಂಬು:

ಉಣಕಲ್ ಕೆರೆಯಲಿ ಕಪ್ಪೆ,
ಅದಕೋ ಗಿರ್ಮಿಟು ಸಪ್ಪೆ.
ಮಿರ್ಚಿಯ ಕಚ್ಚಿತು,
ಕಣ್ಣನು ಮುಚ್ಚಿತು,
ತೆರೆಯಲು ಒಲ್ಲದು ರೆಪ್ಪೆ!

ಈಗ ‘ಕೆರೆಯಲಿ’ ತೆಗೆದು ‘ಕೆರೆಯೊಳಗೆ’ ಹಾಕಿ ಹೇಳಿಸು. ಒಂದು ಮಾತ್ರೆ ಜಾಸ್ತಿ, ಚಪ್ಪಾಳೆ ಎಡವುತ್ತದೆ. ಎಲ್ಲಿ ಎಡವಿತು ಅಂತ ಮಕ್ಕಳೇ ಹೇಳುತ್ತಾರೆ. (ಕಪ್ಪೆ ನುಂಗುವಾಗ ನಿಜಕ್ಕೂ ಕಣ್ಣು ಒಳಗೆಳೆದುಕೊಳ್ಳುತ್ತದೆ. ಇದನ್ನೂ ಹೇಳು, ಪದ್ಯಕ್ಕಿಂತ ಜಾಸ್ತಿ ಖುಷಿ ಅವರಿಗೆ.)

ಹೊರಗಿನ ಛಂದಸ್ಸು ಅಂತ ಅಳುಕಬೇಡ. ಗದುಗಿನ ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಯಲ್ಲೂ 14 ಮಾತ್ರೆಯ ಎರಡು ಸಾಲು ಆದ ಮೇಲೆ 23 ಮಾತ್ರೆಯ ಉದ್ದ ಸಾಲು ಬರುತ್ತದೆ. ಗಿಡ್ಡ ಸಾಲು ಓಡಿಸುತ್ತದೆ, ಉದ್ದ ಸಾಲು ತಡೆದು ನಿಲ್ಲಿಸುತ್ತದೆ. ನಮ್ಮ ಕಿವಿಗೆ ಇದು ಹಳೇ ಪರಿಚಯ, ಅಲ್ವಾ?

1846ರಲ್ಲಿ ಇಂಥ ಪದ್ಯಗಳ ಪುಸ್ತಕ ತಂದ ಇಂಗ್ಲಿಷ್ ಕವಿ ಎಡ್ವರ್ಡ್ ಲಿಯರ್, ಎಷ್ಟೋ ಕಡೆ ಮೊದಲ ಸಾಲಿನ ಕೊನೇ ಪದವನ್ನೇ ಐದನೇ ಸಾಲಿನಲ್ಲೂ ತರುತ್ತಾನೆ. ತೀರಾ ಸಣ್ಣವರಿಗೆ ಅದು ಸಲೀಸು, ಬಿಡು. ಉಳಿದವರಿಗೆ ಬೇಡ. ಐದನೇ ಸಾಲಿಗೆ ಹೊಸ ಕೀಟಲೆ ಬೇಕು.

ಅದಕ್ಕೇ ನಾಲ್ಕು ಸಾಲು ನೀನು ಕೊಟ್ಟು ಐದನೆಯದನ್ನು ಖಾಲಿ ಇಡು. ‘ಸಿಪ್ಪೆ’, ‘ಚಿಪ್ಪು’ ಅಂತ ಕೂಗಾಡುತ್ತಾರೆ. ‘ಚಿಪ್ಪು’ ಯಾಕೆ ಕೂಡಲ್ಲ ಅಂತ ನೀನು ಬಾಯಿ ಬಿಡಬೇಡ, ಇನ್ನೊಂದು ಮಗು ಹೇಳುತ್ತದೆ. ಯಾರಾದರೂ ‘ತೊಪ್ಪೆ’ ಅಂದರೆ ಗದರಿಸಬೇಡ. ಅವತ್ತಿನ ಒಳ್ಳೇ ಪ್ರಾಸ ಅದೇ ಆಗಿರುತ್ತದೆ.

ತಿದ್ದಿದ್ದನ್ನು ರವಿವಾರದೊಳಗೆ ಕಳಿಸು. ಬೆಕ್ಕಿನ ಪದ್ಯ ಮಾತ್ರ ಮುಟ್ಟಬೇಡ, ಅದು ಸರಿಯಾಗಿದೆ.

ನಿನ್ನ
ಅಕ್ಕ