ಆ ರಾತ್ರಿ ಡಬ್ಬ ತಂದವಳಿಗೆ

ಬಂಧುಗಳೇ, ಸ್ನೇಹಿತರೇ,

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರು ಯಾರ ಕೈಯನ್ನೂ ಹಿಡಿಯದೆ ವಠಾರದಿಂದ ನೂರಡಿ ರಸ್ತೆಯವರೆಗೆ ನಡೆದುಹೋಗಿ, ಅರ್ಧ ಲೀಟರ್ ನಂದಿನಿ ಹಾಲನ್ನೂ ದಿನಪತ್ರಿಕೆಯನ್ನೂ ಹಿಡಿದು ಮರಳಿದರು. ಐದು ತಿಂಗಳ ಹಿಂದೆ ಮಂಚದಿಂದ ಬಚ್ಚಲಿಗೆ ಹೋಗಲೂ ಇಬ್ಬರ ಹೆಗಲು ಬೇಕಾಗಿದ್ದ ಮನುಷ್ಯ ಅವರೇ ಎಂಬುದನ್ನು ನೋಡಿದವರು ಬಲ್ಲಿರಿ. ಕಾಯಿಲೆಯ ವಿವರವೂ ನಿಮಗೆ ಗೊತ್ತಿರುವುದೇ ಆದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಬರೆಯಬೇಕಾದದ್ದು ಬೇರೆ ಇದೆ.

ಎಳೆಗೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಶಿವಮೊಗ್ಗದಿಂದ ಬಂದು ತಿಂಗಳು ನಿಂತ ಮಗಳಿಗೆ, ಕೇಳುವ ಮೊದಲೇ ಹಣ ತಂದುಕೊಟ್ಟ ಮೈಸೂರಿನ ತಮ್ಮನಿಗೆ, ಉಪ್ಪು ಕಡಿಮೆ ಹಾಕಿದ ಸಾರನ್ನು ಹೊತ್ತು ಹೊತ್ತಿಗೆ ಕಳುಹಿಸಿದ ನಾದಿನಿಗೆ, ನನ್ನ ಮನೆಪಾಠದ ಮಕ್ಕಳನ್ನು ತಾವೇ ಕೂರಿಸಿಕೊಂಡು ಓದಿಸಿದ ಹಳೆಯ ಸಹೋದ್ಯೋಗಿಗಳಿಗೆ ನಾನು ಋಣಿ. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ಅವರು ಯಾರೂ ಮುನಿಸಿಕೊಳ್ಳುವುದಿಲ್ಲವೆಂದು ಬಲ್ಲೆ. ಏಕೆಂದರೆ ಈ ಬರಹ ನಮ್ಮ ವಠಾರದ ಮೂರನೆಯ ಮನೆಯಲ್ಲಿ ಬಾಡಿಗೆಗಿರುವ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹುಡುಗಿಗೆ ಸಲ್ಲಬೇಕಾದದ್ದು. ಹೆಸರು ಹಾಕಿದರೆ ಮಾತು ಬಿಡುತ್ತೇನೆಂದು ಹೆದರಿಸಿದ್ದಾಳೆ. ಹಾಕಿಲ್ಲ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಅವರಿಗೆ ಉಸಿರು ಸಿಕ್ಕದೆ ಹೋದಾಗ ನಾನು ಕೂಗಿದ್ದು ಯಾರನ್ನು ಎಂಬುದು ನನಗೆ ನೆನಪಿಲ್ಲ, ಆದರೆ ಬಾಗಿಲಿಗೆ ಬಂದವಳು ಅವಳು. ಆಟೋ ತಂದವಳೂ ಅವಳೇ, ದಾರಿಯುದ್ದಕ್ಕೂ ಅವರ ಬೆನ್ನಿಗೆ ತನ್ನ ಭುಜವನ್ನು ಒರಗು ಕೊಟ್ಟವಳೂ ಅವಳೇ. ಆಸ್ಪತ್ರೆಯಲ್ಲಿ ಡಾಕ್ಟರು, "ಏನೇನು ಮಾತ್ರೆ ತಗೊಳ್ತಿದ್ದಾರೆ?" ಎಂದು ಕೇಳಿದರೆ, ಮೂವತ್ತು ವರ್ಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ ನನಗೆ ಒಂದು ಹೆಸರೂ ಬಾಯಿಗೆ ಬರಲಿಲ್ಲ. ಅವಳು ನನ್ನಿಂದ ಬೀಗದ ಕೈ ಇಸಕೊಂಡು ಅದೇ ಆಟೋದಲ್ಲಿ ವಾಪಸು ಹೋಗಿ, ಮಾತ್ರೆ ಇಡುವ ಬಿಸ್ಕತ್ತಿನ ಡಬ್ಬವನ್ನೇ ಎತ್ತಿಕೊಂಡು ಬಂದಳು.

ಕಾರಿಡಾರಿನ ಬೆಂಚಿನ ಮೇಲೆ ತನ್ನ ವೇಲನ್ನು ಹಾಸಿ, ಶೀಟುಗಳನ್ನು ಒಂದೊಂದಾಗಿ ಜೋಡಿಸಿದಳು. "ಆಂಟಿ, ಈ ಬಿಪಿ ಮಾತ್ರೆ ಇನ್ನೂ ಇಷ್ಟೊಂದು ಅವೆ. ಅಂಕಲ್ ದಿನಾ ತಗತಿದ್ರಾ?" ಎಂದಳು. ಡಬ್ಬದ ತಳದಲ್ಲಿ ನಾಲ್ಕಾಗಿ ಮಡಿಸಿದ ಚೀಟಿಯೊಂದಿತ್ತು. ಕಾರ್ಖಾನೆಯಲ್ಲಿ ಲೆಕ್ಕ ಬರೆದೇ ನಿವೃತ್ತರಾದವರ ದುಂಡನೆಯ ಅಕ್ಷರದಲ್ಲಿ, ಗೆರೆ ಎಳೆದ ಎರಡು ಸಾಲುಗಳಿದ್ದವು: ತೆಗೆದುಕೊಳ್ಳುವ ದಿನ, ಬಿಡುವ ದಿನ. ಕೆಳಗೆ ಮೂರು ತಿಂಗಳ ಮೊತ್ತ. ದಿನಕ್ಕೆ 38 ರೂಪಾಯಿಯಂತೆ, ಬಿಟ್ಟ 45 ದಿನಗಳಿಗೆ 1,710 ರೂಪಾಯಿ ಉಳಿತಾಯ.

ಆ ಚೀಟಿಯನ್ನು ನಾನು ಮುಷ್ಟಿಯಲ್ಲಿ ಮುದುರಿಕೊಂಡೆ ಎಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು. ನನಗೆ ಅವರ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ಒಳಗೆ ಅವರ ಮೂಗಿಗೆ ಆಮ್ಲಜನಕದ ನಳಿಕೆ ಇಲ್ಲದಿದ್ದರೆ ಹೋಗಿ ಹೊಡೆದುಬಿಡುತ್ತಿದ್ದೆ. ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆ. ಮಾತ್ರೆಗೂ ಗತಿಯಿಲ್ಲದವರು ಎಂದು ಡಾಕ್ಟರು ತಿಳಿದುಕೊಂಡಾರೆಂಬ ನಾಚಿಕೆ. ಅವಳು ನನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, "ಅಳೋದು ಆಮೇಲೆ ಆಂಟಿ, ಮೊದ್ಲು ಇದನ್ನ ಡಾಕ್ಟ್ರಿಗೆ ತೋರ್ಸನ" ಎಂದು ತಾನೇ ಒಳಗೆ ಒಯ್ದಳು. ಚೀಟಿ ನೋಡಿದ ಮೇಲೆ ಡಾಕ್ಟರಿಗೆ ಸಂಗತಿ ಅರ್ಥವಾಯಿತು. ನನ್ನ ಮುಷ್ಟಿಯಲ್ಲೇ ಅದು ಉಳಿದಿದ್ದರೆ ಏನಾಗುತ್ತಿತ್ತೆಂದು ನಾನು ಈಗಲೂ ಪೂರ್ತಿ ಯೋಚಿಸಲಾರೆ. ಬೆಳಗಿನ ಪಾಳಿಯ ಬಸ್ಸು ಹೊರಟುಹೋಗುವ ಹೊತ್ತಿಗೆ ಅವಳು ನನ್ನ ಪಕ್ಕದಲ್ಲೇ, ಗೋಡೆಗೆ ತಲೆಯೊರಗಿಸಿ ಕೂತಿದ್ದಳು. ಅಂದಿನ ಕೂಲಿ ಹೋಯಿತು. ಕೊಡಲು ಹೋದರೆ ಇಂದಿಗೂ ತೆಗೆದುಕೊಂಡಿಲ್ಲ.

ನಮ್ಮ ಲೆಕ್ಕವನ್ನು ಮುಚ್ಚಿಡುವ ಅಭ್ಯಾಸವನ್ನು ಅಂದೇ ಬಿಟ್ಟಿದ್ದೇನೆ, ಆದ್ದರಿಂದ ಬರೆಯುತ್ತೇನೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಪಿಂಚಣಿ 2014ರಿಂದ ತಿಂಗಳಿಗೆ 1,000 ರೂಪಾಯಿ. ನಮ್ಮವರಿಗೆ ಬರುವುದು ಅದಕ್ಕಿಂತ 1,160 ಹೆಚ್ಚು. ಖಾಸಗಿ ಶಾಲೆಯಲ್ಲಿ ದುಡಿದ ನನಗೆ ಪಿಂಚಣಿಯಿಲ್ಲ. ಗೃಹಲಕ್ಷ್ಮಿಯ 2,000 ಬಂದ ತಿಂಗಳು ಉಸಿರಾಡುತ್ತಿದ್ದೆವು. ಇಬ್ಬರ ಮಾತ್ರೆಗೆ 3,900 ಆಗುತ್ತಿತ್ತು. ಬಿಪಿಎಲ್ ಚೀಟಿಯಿದ್ದ ಕಾರಣ ಆಸ್ಪತ್ರೆಯಲ್ಲಿದ್ದ ದಿನಗಳ ಖರ್ಚನ್ನು ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಹೊತ್ತಿತು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅದರ ಆಸರೆಯಿದೆ. ಆದರೆ ಅದು ಒಳರೋಗಿಯ ಚಿಕಿತ್ಸೆಗೆ. ಮನೆಗೆ ಬಂದ ಮೇಲೆ ತಿಂಗಳು ತಿಂಗಳು ನುಂಗಬೇಕಾದ ಮಾತ್ರೆಗಳ ಹೊರೆ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ.

ಬಿಡುಗಡೆಯ ದಿನ ಡಾಕ್ಟರು ಕಂಪನಿಯ ಹೆಸರುಗಳ ಬದಲು ಔಷಧದ ಮೂಲ ಹೆಸರುಗಳನ್ನೇ ಬಿಡಿಸಿ ಬರೆದು, ಜನೌಷಧಿ ಕೇಂದ್ರದಲ್ಲಿ ಸಿಗುವವನ್ನು ಅಲ್ಲೇ ಕೊಳ್ಳಿ, ಬದಲಿಸುವಾಗ ಒಮ್ಮೆ ನನಗೆ ತೋರಿಸಿ ಎಂದರು. ಅವರ ಆ ಹತ್ತು ನಿಮಿಷಕ್ಕೂ ನಾನು ಕೃತಜ್ಞಳು. ಬೇರೆ ಕಂಪನಿಯ ಮಾತ್ರೆ ಕೆಲಸ ಮಾಡುವುದಿಲ್ಲವೆಂದು ಅಂಗಡಿಯವರೊಬ್ಬರು ಹೇಳಿದ್ದನ್ನು ವರ್ಷಗಟ್ಟಲೆ ನಂಬಿಕೊಂಡು ಕೂತಿದ್ದವಳು ನಾನು. ಒಂದು ಮಾತ್ರೆ ಮಾತ್ರ ಅಲ್ಲಿ ಸಿಕ್ಕದೆ ಹೊರಗಿನಿಂದಲೇ ತರುತ್ತೇವೆ. ಉಳಿದದ್ದೆಲ್ಲ ಸೇರಿ ಈಗ ತಿಂಗಳಿಗೆ 1,400ರ ಒಳಗೆ ಮುಗಿಯುತ್ತದೆ.

ಇಷ್ಟಾದರೂ ನಮ್ಮವರ ಮೇಲೆ ಅವಳಿಗೆ ಪೂರ್ತಿ ನಂಬಿಕೆ ಬಂದಂತಿಲ್ಲ. ತಿಂಗಳ ಕೊನೆಯ ಭಾನುವಾರ ಬಟ್ಟೆ ಒಗೆದು ಹಾಕಿದ ಮೇಲೆ ಒದ್ದೆ ಕೈಯನ್ನು ಒರೆಸಿಕೊಂಡು ಬರುತ್ತಾಳೆ, ಡಬ್ಬ ತೆಗೆಯುತ್ತಾಳೆ, ಶೀಟುಗಳನ್ನು ನೆಲದ ಮೇಲೆ ಹರಡಿ ಎಣಿಸುತ್ತಾಳೆ. ಆಡಿಟ್‌ನವರೂ ಇಷ್ಟು ಕಾಡಿರಲಿಲ್ಲವೆಂದು ಅವರು ಪತ್ರಿಕೆಯ ಮರೆಯಿಂದ ಗೊಣಗುತ್ತಾರೆ. ಮೊನ್ನೆಯ ಭಾನುವಾರ ಎರಡು ಸಲ ಎಣಿಸಿದಳು. ಲೆಕ್ಕ ಸರಿಯಾಗಿತ್ತು. ಕಾಫಿ ಕುಡಿದು ಹೋದಳು.