ಮಗಳಿಗೊಂದು ಪತ್ರ: ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿದವರು

ಪ್ರೀತಿಯ ಪುಟ್ಟಿ,

ನೀನು ಓದೋದಕ್ಕೆ ಅಮೆರಿಕದ ನ್ಯಾಶ್‌ವಿಲ್‌ಗೆ ಹೋಗಿದ್ದೀಯ ಅಂದರೆ ಇಲ್ಲಿ ಎಲ್ಲರೂ ಮೊದಲು ಚಳಿ ಹೇಗಿದೆಯಂತೆ ಅಂತಾರೆ, ಆಮೇಲೆ ಊಟಕ್ಕೇನು ಮಾಡ್ತಾಳೆ ಅಂತಾರೆ. ನನಗೆ ಆ ಊರಿನ ಹೆಸರು ಕೇಳಿದರೆ ನೆನಪಾಗುವುದು ಡಿಫೋರ್ಡ್ ಬೈಲಿ. ಫೋನಿನಲ್ಲಿ ಅವರ ಕಥೆ ಶುರುಮಾಡಿದರೆ ನಿನಗೆ ಕ್ಲಾಸಿಗೆ ಹೊತ್ತಾಗಿರುತ್ತೆ. ಅದಕ್ಕೇ ಈ ಪತ್ರ. ಬಿಡುವಾದಾಗ ಕೂತು ಪೂರ್ತಿ ಓದು.

ಬೈಲಿ ಅವರದು ಮೌತ್ ಆರ್ಗನ್. ಅಂಗೈಯೊಳಗೆ ಮುಚ್ಚಿಹೋಗುವಷ್ಟು ಸಣ್ಣ ವಾದ್ಯ. ಅದೊಂದನ್ನೇ ನಂಬಿಕೊಂಡು ಅವರು ರೇಡಿಯೊದಲ್ಲಿ ಕಂಟ್ರಿ ಮ್ಯೂಸಿಕ್‌ನ, ಅಂದರೆ ಅಲ್ಲಿನ ಹಳ್ಳಿಗಾಡಿನ ಸಂಗೀತದ, ಮೊದಲ ಸ್ಟಾರ್‌ಗಳಲ್ಲಿ ಒಬ್ಬರಾದರು. ಅದೂ ಕಪ್ಪು ಜನರಿಗೆ ಬಿಳಿಯರ ಹೋಟೆಲ್ಲಿನಲ್ಲಿ ಕೂತು ತಿನ್ನುವ ಹಕ್ಕೂ ಇಲ್ಲದ ಕಾಲದಲ್ಲಿ.

ಹುಟ್ಟಿದ್ದು 1899ರ ಡಿಸೆಂಬರ್ 14, ಟೆನೆಸ್ಸಿ ರಾಜ್ಯದ ಸ್ಮಿತ್ ಕೌಂಟಿಯಲ್ಲಿ. ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಅತ್ತೆಯ ಮನೆಯಲ್ಲಿ ಬೆಳೆದರು. ತಾತ ಲೂಯಿಸ್ ಬೈಲಿ ಸುತ್ತಲ ಊರುಗಳಲ್ಲಿ ಹೆಸರು ಮಾಡಿದ ಪಿಟೀಲುಗಾರ. ಮೂರನೇ ವಯಸ್ಸಿಗೆ ಮಗುವಿಗೆ ಪೋಲಿಯೊ ಬಂತು. ಒಂದು ವರ್ಷ ಹಾಸಿಗೆಯಲ್ಲೇ. ಬೆನ್ನು ಬಾಗಿತು, ದೊಡ್ಡವರಾದ ಮೇಲೂ ಐದಡಿ ಮುಟ್ಟಲಿಲ್ಲ. ಮಲಗಿದ್ದಲ್ಲೇ ಆಡಿಕೊಳ್ಳಲಿ ಅಂತ ಮನೆಯವರು ಮೌತ್ ಆರ್ಗನ್ ಕೊಟ್ಟರು. ಎದ್ದು ಓಡಾಡಲಾಗದ ಮಗು ಹೊರಗಿನದ್ದನ್ನೆಲ್ಲ ಕಿವಿಯಲ್ಲೇ ನೋಡಿತು. ಬೇಟೆನಾಯಿ, ಕೋಳಿ, ದೂರದ ರೈಲು, ಕೇಳಿದ್ದನ್ನೆಲ್ಲ ಊದಿ ನೋಡುತ್ತಿತ್ತು.

ಆ ರೈಲಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೋಬೇಡ. ಸ್ಕೂಲಿಗೆ ಹೋಗುವ ದಾರಿಯಲ್ಲಿ ಒಂದು ರೈಲ್ವೆ ಸೇತುವೆ ಇತ್ತಂತೆ. ಹುಡುಗ ಅದರ ಕೆಳಗೆ ನಿಂತು ಗಾಡಿ ಬರುವವರೆಗೆ ಕಾಯುತ್ತಿದ್ದ. ತಲೆ ಮೇಲೆ ಹಾದು, ಸದ್ದು ಪೂರ್ತಿ ಅಡಗುವವರೆಗೂ ಕೇಳಿ, ಅದನ್ನೇ ನುಡಿಸಿಕೊಂಡು ಮುಂದೆ ನಡೆಯುತ್ತಿದ್ದ. ಎಂಜಿನ್ನಿನ ಸದ್ದು ಬೇಗ ಕೈಗೆ ಹತ್ತಿತು, ಸೀಟಿ ಸರಿಯಾಗಿ ಕೂರೋದಕ್ಕೆ 17 ವರ್ಷ ಹಿಡಿಯಿತು ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಪುಟ್ಟಿ, ಬ್ರೇಕ್‌ವ್ಯಾನಿನಲ್ಲಿ ಕೂತು ವಯಸ್ಸು ಕಳೆದವನು ನಿಮ್ಮಪ್ಪ. ಸ್ಟೀಮ್ ಎಂಜಿನ್ ಲೋಡ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಬಿಡುವಾಗ ಹೇಗೆ ಏದುಸಿರು ಬಿಡುತ್ತೆ, ಚಡಾವು ಮುಗಿದ ಮೇಲೆ ಹೇಗೆ ಹಗುರಾಗುತ್ತೆ ಅಂತ ನಿದ್ದೆಗಣ್ಣಲ್ಲೂ ಗೊತ್ತಾಗುತ್ತೆ. ಬೈಲಿ ಅವರ ‘ಪ್ಯಾನ್ ಅಮೆರಿಕನ್ ಬ್ಲೂಸ್’ ಕೇಳಿದಾಗ ನನಗೆ ಮೈ ಜುಂ ಅಂದಿತು. ಮೌತ್ ಆರ್ಗನ್‌ನಲ್ಲಿ ಉಸಿರು ಬಿಟ್ಟರೆ ಒಂದು ಸ್ವರ, ಎಳೆದುಕೊಂಡರೆ ಇನ್ನೊಂದು. ಆ ಬಿಡೋದು ಎಳೆಯೋದರಲ್ಲೇ ಅವರು ಎಂಜಿನ್ನಿನ ಲಯ ಕಟ್ಟುತ್ತಾರೆ. ಎಳೆಯುವ ಉಸಿರಿನಲ್ಲೇ ಸ್ವರವನ್ನು ಕೆಳಕ್ಕೆ ಬಗ್ಗಿಸಿ ಸೀಟಿ ಹಾಕುತ್ತಾರೆ. ಎರಡೂ ಒಂದೇ ಬಾಯಿಂದ, ಗಾಡಿ ಒಂದು ಕ್ಷಣವೂ ನಿಲ್ಲದ ಹಾಗೆ. ಪ್ಯಾನ್ ಅಮೆರಿಕನ್ ಅನ್ನೋದು ನ್ಯಾಶ್‌ವಿಲ್ ಮೇಲೆ ಓಡುತ್ತಿದ್ದ ನಿಜವಾದ ಎಕ್ಸ್‌ಪ್ರೆಸ್ ಗಾಡಿ.

ಇನ್ನು ರೇಡಿಯೊ. ನ್ಯಾಶ್‌ವಿಲ್‌ನ ಡಬ್ಲ್ಯುಎಸ್‌ಎಂ ಸ್ಟೇಷನ್ ಶುರುವಾಗಿದ್ದು 1925ರ ಅಕ್ಟೋಬರಿನಲ್ಲಿ. ನಡೆಸುತ್ತಿದ್ದದ್ದು ಒಂದು ಇನ್ಶೂರೆನ್ಸ್ ಕಂಪನಿ. ಹಳ್ಳಿ ಜನಕ್ಕೆ ಹಾಡು ಕೇಳಿಸಿದರೆ ಪಾಲಿಸಿ ಮಾರೋದು ಸುಲಭ ಅನ್ನೋದು ಅವರ ಲೆಕ್ಕ. ಶನಿವಾರ ರಾತ್ರಿಯ ಕಾರ್ಯಕ್ರಮ ಜಾರ್ಜ್ ಹೇ ಅನ್ನುವವರ ಕೈಯಲ್ಲಿತ್ತು. ಬೈಲಿ ಅವರನ್ನು ಅಲ್ಲಿಗೆ ಕರೆತಂದವರು ಡಾ. ಹಂಫ್ರಿ ಬೇಟ್. ವೃತ್ತಿಯಲ್ಲಿ ಡಾಕ್ಟರು, ಅವರೂ ಮೌತ್ ಆರ್ಗನ್ ನುಡಿಸುತ್ತಿದ್ದವರೇ. ಮೊದಲು ಪರೀಕ್ಷೆ ಮಾಡದೆ ಮೈಕಿನ ಮುಂದೆ ನಿಲ್ಲಿಸೋದು ಹೇಗೆ ಅಂತ ಹೇ ಹಿಂಜರಿದಾಗ, ಜವಾಬ್ದಾರಿ ನನ್ನದು ಅಂತ ಬೇಟ್ ಪಟ್ಟು ಹಿಡಿದರಂತೆ. ತನಗೆ ಬರುವ ವಾದ್ಯವನ್ನೇ ತನಗಿಂತ ಚೆನ್ನಾಗಿ ನುಡಿಸುವವನಿಗೆ ಜಾಗ ಮಾಡಿಕೊಟ್ಟರಲ್ಲ, ಆ ಡಾಕ್ಟರ ಮೇಲೆ ನನಗೆ ತುಂಬಾ ಗೌರವ.

1927ರ ಡಿಸೆಂಬರಿನ ಒಂದು ಶನಿವಾರ. ಇವರ ಕಾರ್ಯಕ್ರಮಕ್ಕೆ ಮುಂಚೆ ನ್ಯೂಯಾರ್ಕಿನಿಂದ ಶಾಸ್ತ್ರೀಯ ಸಂಗೀತದ ಪ್ರಸಾರ. ಶಾಸ್ತ್ರೀಯ ಸಂಗೀತದಲ್ಲಿ ಲೋಕದ ಸದ್ದನ್ನು ಇದ್ದ ಹಾಗೇ ತರುವುದಕ್ಕೆ ಜಾಗವಿಲ್ಲ ಅಂತ ಅಲ್ಲಿನ ವಾದ್ಯವೃಂದದ ಕಂಡಕ್ಟರ್ ಹೇಳಿ, ಆದರೂ ಇರಲಿ ಅಂತ ರೈಲಿನ ಮೇಲಿನ ಒಂದು ರಚನೆ ನುಡಿಸಿದರು. ಅದು ಮುಗಿದದ್ದೇ ಹೇ ಮೈಕ್ ಹಿಡಿದು, ನಮ್ಮಲ್ಲಿರುವುದೆಲ್ಲ ಇದ್ದ ಹಾಗಿನ ಲೋಕದ ಸದ್ದೇ ಅಂತ ಬೈಲಿ ಅವರನ್ನು ಕರೆದರು. ಬೈಲಿ ತಮ್ಮ ರೈಲು ಓಡಿಸಿದರು. ಇಷ್ಟು ಹೊತ್ತು ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ಮುಂದೆ ಗ್ರ್ಯಾಂಡ್ ಓಲ್ ಆಪ್ರಿ ಅಂದುಬಿಟ್ಟರು ಹೇ. ಆಪೆರಾ ಅನ್ನೋದನ್ನೇ ಹಳ್ಳಿ ಬಾಯಲ್ಲಿ ಆಪ್ರಿ ಅಂದದ್ದು. ಆ ಶನಿವಾರದ ಕಾರ್ಯಕ್ರಮಕ್ಕೆ ಇವತ್ತಿಗೂ ಅದೇ ಹೆಸರು. ಆ ಹೆಸರಿಟ್ಟ ಗಳಿಗೆಯಲ್ಲಿ ಮೈಕಿನ ಮುಂದಿದ್ದದ್ದು ಬೈಲಿ. ಇದನ್ನು ಯಾರೂ ಮರೆಯಬಾರದು ಅಂತ ನನ್ನ ಆಸೆ.

ಮುಂದಿನ ವರ್ಷ 52 ವಾರಗಳಲ್ಲಿ 49 ವಾರ ಅವರು ನುಡಿಸಿದರು. ಬೇರೆ ಯಾರೂ ಅಷ್ಟು ಸಲ ಬಂದಿರಲಿಲ್ಲ. ಅದೇ 1928ರಲ್ಲಿ ವಿಕ್ಟರ್ ಕಂಪನಿ ನ್ಯಾಶ್‌ವಿಲ್‌ಗೆ ಬಂದು ರೆಕಾರ್ಡಿಂಗ್ ಮಾಡಿದಾಗ ಅದರಲ್ಲೂ ಇವರಿದ್ದರು. ನಮ್ಮ ಮೈಸೂರಿನಲ್ಲಿ ಗೋಪಾಲಸ್ವಾಮಿಯವರು ಮನೆಯಲ್ಲೇ ಆಕಾಶವಾಣಿ ಶುರುಮಾಡಿದ್ದು 1935ರಲ್ಲಿ. ಅಷ್ಟು ಹೊತ್ತಿಗೆ ಬೈಲಿ ಅವರ ಹೆಸರು ಅಮೆರಿಕದ ದಕ್ಷಿಣದ ಹಳ್ಳಿಹಳ್ಳಿಗೂ ಗೊತ್ತಿತ್ತು.

ಹೆಸರು ಗೊತ್ತಿತ್ತು, ಬಣ್ಣ ಗೊತ್ತಿರಲಿಲ್ಲ. ರೇಡಿಯೊದಲ್ಲಿ ಮುಖ ಕಾಣುವುದಿಲ್ಲ ಅಲ್ವಾ? ಊರೂರಿಗೆ ಪ್ರೋಗ್ರಾಂ ಕೊಡಲು ಹೋದಾಗಲೇ ಎಷ್ಟೋ ಜನಕ್ಕೆ ತಿಳಿದದ್ದು. ಸ್ಟೇಜಿನ ಮೇಲೆ ಚಪ್ಪಾಳೆ, ಇಳಿದರೆ ಮಲಗಲು ರೂಮಿಲ್ಲ. ಜೊತೆಗಿದ್ದ ಬ್ಯಾಂಜೊ ವಾದಕ ಅಂಕಲ್ ಡೇವ್ ಮೇಕನ್, ಇವನು ನನ್ನ ಆಳು ಅಂತ ಸುಳ್ಳು ಹೇಳಿ ಒಳಗೆ ಕರೆದುಕೊಂಡು ಹೋಗುತ್ತಿದ್ದರು. ಸಂಬಳ ಪ್ರೋಗ್ರಾಮಿಗೆ ಐದು ಡಾಲರ್. ಆಮೇಲೆ ದೊಡ್ಡ ಸ್ಟಾರ್ ಆದ ರಾಯ್ ಏಕಫ್, ಆಗ ನನ್ನನ್ನು ಯಾರೂ ಬಲ್ಲವರಿರಲಿಲ್ಲ, ಜನ ಸೇರುತ್ತಿದ್ದದ್ದು ಡಿಫೋರ್ಡ್‌ಗೋಸ್ಕರ ಅಂತ ತಾವೇ ಒಪ್ಪಿಕೊಂಡಿದ್ದಾರೆ.

1941ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಆ ವರ್ಷ ಹಾಡಿನ ರಾಯಧನದ ವಿಷಯಕ್ಕೆ ರೇಡಿಯೊದವರಿಗೂ, ಹಾಡು ಬರೆದವರ ಪರವಾಗಿ ಆ ದುಡ್ಡು ವಸೂಲಿ ಮಾಡುವ ಎಎಸ್‌ಸಿಎಪಿ ಸಂಸ್ಥೆಗೂ ಜಗಳ ಹತ್ತಿ, ಅದರ ಹಿಡಿತದಲ್ಲಿದ್ದ ಹಾಡುಗಳನ್ನೆಲ್ಲ ಸ್ಟೇಷನ್‌ಗಳು ನಿಲ್ಲಿಸಿಬಿಟ್ಟಿದ್ದವು. ಬೈಲಿ ಅವರ ಹೆಸರಾದ ತುಣುಕುಗಳೂ ಅದಕ್ಕೆ ಸಿಕ್ಕಿಕೊಂಡವು. 1945ರ ತಮ್ಮ ಪುಸ್ತಕದಲ್ಲಿ ಹೇ ಅವರು ಇವರನ್ನು ಸೋಮಾರಿ ಅಂದರು, ಹೊಸದು ಕಲಿಯಲಿಲ್ಲ ಅಂತ ಬರೆದರು, ಮಾತಿನಲ್ಲಿ ಜನಾಂಗವನ್ನೂ ಎಳೆದು ತಂದರು. ಹಳೆಯದನ್ನೇ ನುಡಿಸು ಅಂತ ವರ್ಷಗಟ್ಟಲೆ ಕಟ್ಟಿಹಾಕಿದವರು ಅವರೇ ಅನ್ನೋದು ಬೈಲಿ ಅವರ ಮಾತು. ನಾನು ಬೈಲಿ ಅವರನ್ನೇ ನಂಬುತ್ತೇನೆ. ಒಂದು ಸೀಟಿಗಾಗಿ 17 ವರ್ಷ ದುಡಿದವರನ್ನು ಸೋಮಾರಿ ಅನ್ನೋದಕ್ಕೆ ಬಾಯಿ ಹೇಗೆ ಬಂತೋ. ಈ ಸಾಲು ಬರೆಯುವಾಗಲೂ ನನಗೆ ಸಿಟ್ಟು ಬರುತ್ತೆ.

ಆಮೇಲೆ ಅವರು ಬೂಟು ಪಾಲಿಶ್ ಅಂಗಡಿ ನಡೆಸಿಕೊಂಡು ಸಂಸಾರ ಸಾಕಿದರು. ಒಪ್ಪವಾಗಿ ಸೂಟು, ಟೈ, ಹ್ಯಾಟು ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ನುಡಿಸೋದು ಬಿಡಲಿಲ್ಲ. ಆದರೆ ಬಂದು ನುಡಿಸಿ ಅಂತ ಕರೆದವರಿಗೆ ಮೊದಲು ದುಡ್ಡಿನ ಮಾತು ಆಡುತ್ತಿದ್ದರು. ಸರಿಯಾದ ಸಂಭಾವನೆ ಇಲ್ಲ ಅಂದರೆ ಎಷ್ಟು ದೊಡ್ಡ ಕಡೆಯ ಕರೆ ಬಂದರೂ ಇಲ್ಲ ಅಂದುಬಿಡುತ್ತಿದ್ದರು. ಇದನ್ನು ಕೆಲವರು ಮೊಂಡುತನ ಅಂತಾರೆ. ನನಗೆ ಈ ಗುಣವೇ ಎಲ್ಲಕ್ಕಿಂತ ಹಿಡಿಸಿದ್ದು. ತನ್ನ ವಿದ್ಯೆಯ ಬೆಲೆ ಎಷ್ಟು ಅಂತ ಅವರಿಗೆ ಗೊತ್ತಿತ್ತು, ಬೇರೆಯವರು ಹೇಳಬೇಕಾಗಿರಲಿಲ್ಲ. ನೀನು ಲ್ಯಾಬಿನಲ್ಲಿ ಸಂಜೆಯೆಲ್ಲ ಬೇರೆಯವರ ಕೆಲಸವನ್ನೂ ಸುಮ್ನೆ ಮಾಡಿಕೊಡ್ತೀಯ ಅಂತ ಅಮ್ಮ ಹೇಳಿದಾಗ ಇವರೇ ಕಣ್ಣ ಮುಂದೆ ಬಂದರು.

70ರ ದಶಕದಲ್ಲಿ ವಸತಿ ಇಲಾಖೆಯಲ್ಲಿದ್ದ ಡೇವಿಡ್ ಮಾರ್ಟನ್ ಅನ್ನೋ ಯುವಕನ ಸ್ನೇಹವಾಯಿತು. ಅವರ ಬದುಕಿನ ಕಥೆ ನಮಗೆ ಉಳಿದಿರುವುದು ಬಹುಪಾಲು ಆ ಹುಡುಗ ಕೂತು ಕೇಳಿದ್ದರಿಂದ. 1974ರಲ್ಲಿ ಆಪ್ರಿಯವರು ಅವರನ್ನು ಮತ್ತೆ ಕರೆದರು, 75ನೇ ಹುಟ್ಟುಹಬ್ಬದ ದಿನವೂ ಅಲ್ಲಿ ನುಡಿಸಿದರು. 1982ರ ಜುಲೈ 2ರಂದು ತೀರಿಕೊಂಡರು. ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಹೆಸರು ಸೇರಿದ್ದು 2005ರಲ್ಲಿ, ಅವರು ಹೋಗಿ 23 ವರ್ಷ ಆದ ಮೇಲೆ.

ಆ ಹಾಲ್ ಆಫ್ ಫೇಮ್‌ನ ಮ್ಯೂಸಿಯಂ ನಿಮ್ಮ ಊರಿನ ನಡುವೆಯೇ ಇದೆ. ರಜೆಯಿರುವ ದಿನ ಹೋಗಿ ಅವರ ಹೆಸರಿನ ಕಂಚಿನ ಫಲಕ ಹುಡುಕು, ಒಂದು ಫೋಟೊ ಕಳಿಸು. ಅದಕ್ಕೂ ಮುಂಚೆ ಇಯರ್‌ಫೋನ್ ಹಾಕಿಕೊಂಡು ಆ ರೈಲನ್ನು ಕೇಳು. ಅಡುಗೆ ಮಾಡುತ್ತಾ ಅಲ್ಲ, ಸುಮ್ನೆ ಕೂತು. ಅವರು ಉಸಿರು ಎಲ್ಲಿ ತಗೊಳ್ತಾರೆ ಅಂತ ನಿನಗೆ ಗೊತ್ತಾಯಿತೋ ಇಲ್ಲವೋ ಬರಿ. ನನಗಂತೂ ಇನ್ನೂ ಗೊತ್ತಾಗಿಲ್ಲ.

ಅಮ್ಮ ಚಟ್ನಿಪುಡಿ, ಹುರಿಗಾಳು ಪಾರ್ಸೆಲ್ ಮಾಡಿದ್ದಾಳೆ.

ಇಂತಿ ನಿನ್ನ
ಅಪ್ಪ